ವೇಗದೇವನಿಗೆ ಇಟ್ಟ ನೈವೇದ್ಯ

ನಮ್ಮೂರಿನ ಅಶ್ವತ್ಥಕಟ್ಟೆಯ ಹಿಂಬದಿಗೆ ಹೋಗಿ ನೋಡಿದರೆ ಮೂಗು ಹೋದ ಗಣಪತಿ, ಕೊಳಲು ಮುರಿದ ಕೃಷ್ಣ, ಗಾಜು ಬಿರುಕು ಬಿಟ್ಟ ಲಕ್ಷ್ಮಿಯ ಪಟ ಎಲ್ಲವೂ ಬೇರಿಗೆ ಒರಗಿ ಕುಳಿತಿರುವುದು ಕಾಣುತ್ತದೆ. ಭಿನ್ನವಾದ ಮೂರ್ತಿಯನ್ನು ಮನೆಯಲ್ಲಿಟ್ಟು ಪೂಜಿಸುವಂತಿಲ್ಲ, ಹಾಗೆಂದು ಕಸದ ಬುಟ್ಟಿಗೆ ಹಾಕಲು ಮನಸ್ಸು ಬರುವುದಿಲ್ಲ. ಆದ್ದರಿಂದ ಯಾರಿಗೂ ಕಾಣದಂತೆ ಮುಸ್ಸಂಜೆಯಲ್ಲಿ ತಂದು ಅಲ್ಲಿ ಬಿಟ್ಟು, ಹಿಂದಿರುಗಿ ನೋಡದೆ ಬಂದುಬಿಡುತ್ತೇವೆ. ಮುರಿದದ್ದು ಕಣ್ಣೆದುರಿಗೆ ಇರಬಾರದು ಎಂಬುದು ನಮ್ಮ ರೂಢಿ.

ಭೂಮಂಡಲದ ಇನ್ನೊಂದು ತುದಿಯಲ್ಲಿ ಒಬ್ಬ ಮನುಷ್ಯ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡ. ನ್ಯೂಜಿಲೆಂಡಿನ ದಕ್ಷಿಣ ತುದಿಯಲ್ಲಿ ಇನ್ವರ್ಕಾರ್ಗಿಲ್ ಎಂಬ ಊರಿದೆ. (ನಮ್ಮ ಕಾರ್ಗಿಲ್‌ಗೂ ಇದಕ್ಕೂ ಸಂಬಂಧವಿಲ್ಲ. ವಿಲಿಯಂ ಕಾರ್ಗಿಲ್ ಎಂಬ ಸ್ಕಾಟ್ಲೆಂಡಿನ ಕ್ಯಾಪ್ಟನ್ ಒಬ್ಬನ ಹೆಸರು ಆ ಊರಿಗೆ ಬಂದಿದೆ.) ಅಲ್ಲಿ ಒಂದು ಗ್ಯಾರೇಜು. ಗ್ಯಾರೇಜಿನಲ್ಲಿ ಒಂದು ಹಲಗೆ. ಹಲಗೆಯ ಮೇಲೆ ಕರಗಿದ ಪಿಸ್ಟನ್ನುಗಳು, ತುಂಡಾದ ಕನೆಕ್ಟಿಂಗ್ ರಾಡುಗಳು, ಸೀಳಿದ ಸಿಲಿಂಡರುಗಳು. ಅದರ ಮೇಲೆ ಆತ ಕೈಯಾರೆ ಬರೆದಿದ್ದ ಮಾತಿನ ಅರ್ಥ ಇಷ್ಟು: ವೇಗದ ದೇವರಿಗೆ ಅರ್ಪಿಸಿದ ನೈವೇದ್ಯ. ಆತನ ಹೆಸರು ಹರ್ಬರ್ಟ್ ಜೇಮ್ಸ್ ಮನ್ರೋ. ಜನ ಕರೆಯುತ್ತಿದ್ದುದು ಬರ್ಟ್ ಮನ್ರೋ ಎಂದು.

ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಪಾಣಿಪತ್ ಕದನ, ಕೈಗಾರಿಕಾ ಕ್ರಾಂತಿ ಎಂದು ಪಾಠ ಮಾಡಿಕೊಂಡು ಬಂದ ಹೆಂಗಸಿಗೆ ಮೋಟಾರ್ ಸೈಕಲ್ಲಿನ ಎಂಜಿನ್ ಏಕೆ ಬೇಕಾಯಿತು ಎಂದು ನೀವು ಕೇಳಬಹುದು. ಕೇಳಿದವರೂ ಇದ್ದಾರೆ. ನಮ್ಮ ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ, "ಏನ್ರೀ, ಮೊಮ್ಮಕ್ಕಳನ್ನು ಆಡಿಸೋ ವಯಸ್ಸಿನಲ್ಲಿ ಗಾಡಿ ಕಲೀತೀರಾ?" ಎಂದು ನಕ್ಕರು. ನಾನೂ ನಕ್ಕು ಸುಮ್ಮನಾದೆ. ನನಗೆ ಎಂಜಿನ್ ಬೇಕಾದದ್ದಕ್ಕೆ ಕಾರಣ ಒಂದಿದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

1987ರಲ್ಲಿ ನಾನು ಎರಡನೆಯ ಪಿಯುಸಿ ಓದುತ್ತಿದ್ದೆ. ಅಣ್ಣ ಆಗ ತಾನೇ ಕೆಲಸಕ್ಕೆ ಸೇರಿ, ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಜಾವಾ ಒಂದನ್ನು ಕೊಂಡು ತಂದಿದ್ದ. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ ತಯಾರಾಗುತ್ತಿದ್ದ ಗಾಡಿ. 1973ರ ಮೇಲೆ ಅದೇ ಕಾರ್ಖಾನೆಯಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಬಂದದ್ದು ಅದರ ತಮ್ಮ. ನಮ್ಮ ಬೀದಿಯಲ್ಲಿ ಯಾರ ಮನೆಗೆ ಜಾವಾ ಬಂದರೂ ಅದರ ಸದ್ದಿಗೆ ಹಸುಗೂಸುಗಳು ಎದ್ದು ಕೂರುತ್ತಿದ್ದವು. ಅದಕ್ಕೆ ಪೆಟ್ರೋಲಿನ ಜೊತೆ ಅಳತೆಗೆ ತಕ್ಕಂತೆ ಆಯಿಲ್ ಬೆರೆಸಬೇಕು. ಅದರ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್ಲಿಗೆ ಬೇರೆ ದಾರಿಯಿರಲಿಲ್ಲ. ಪೆಟ್ರೋಲಿನ ಜೊತೆಯಲ್ಲೇ ಒಳಗೆ ಹೋಗಿ ಪಿಸ್ಟನ್ನಿಗೂ ಬೇರಿಂಗಿಗೂ ಸವರಿಕೊಳ್ಳಬೇಕು. ಒಂದು ಬೆಳಿಗ್ಗೆ ಅಣ್ಣ ಸ್ನಾನಕ್ಕೆ ಹೋಗುತ್ತ, ಡಬ್ಬದಲ್ಲಿದ್ದ ಪೆಟ್ರೋಲನ್ನು ಬರಿದಾದ ಟ್ಯಾಂಕಿಗೆ ಹಾಕಿಡು ಎಂದ. ನನ್ನ ಕೈಯಲ್ಲಿ ವಾರಪತ್ರಿಕೆ, ಅದರಲ್ಲಿ ಧಾರಾವಾಹಿಯ ಕಡೆಯ ಕಂತು. ಪೆಟ್ರೋಲ್ ಹಾಕಿದೆ. ಆಯಿಲ್ ಹಾಕಲಿಲ್ಲ.

ಊರಿಂದ ಐದಾರು ಮೈಲಿ ಹೋಗುವಷ್ಟರಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು, ಓಡುತ್ತಿದ್ದ ಗಾಡಿಯ ಹಿಂದಿನ ಚಕ್ರ ಗಕ್ಕನೆ ನಿಂತಿತು. ಅಣ್ಣ ರಸ್ತೆಯ ಮೇಲೆ ಜಾರಿಕೊಂಡು ಹೋಗಿ ಬಿದ್ದ. ಎಡಗೈ ಮಣಿಕಟ್ಟಿನ ಮೂಳೆ ಮುರಿಯಿತು. "ಬಂಕಿನವನು ಕಲಬೆರಕೆ ಪೆಟ್ರೋಲ್ ಕೊಟ್ಟಿದ್ದಾನೆ" ಎಂದು ಅಪ್ಪ ಕೂಗಾಡಿದರು. ನಾನು ಬಾಯಿ ಬಿಡಲಿಲ್ಲ. ಆಮೇಲೂ ಬಿಡಲಿಲ್ಲ.

ಈಗ ಬರ್ಟ್ ಮನ್ರೋನ ವಿಷಯಕ್ಕೆ ಬರುತ್ತೇನೆ. ಆತ ಹುಟ್ಟಿದ್ದು 1899ರಲ್ಲಿ, ರೈತರ ಮನೆಯಲ್ಲಿ. 1920ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಹೊಸ 'ಇಂಡಿಯನ್ ಸ್ಕೌಟ್' ಮೋಟಾರ್ ಸೈಕಲ್ ಒಂದನ್ನು ಕೊಂಡ. ಹೆಸರು ಕೇಳಿ ನಾನು ಮೊದಲು ಹಿರಿ ಹಿರಿ ಹಿಗ್ಗಿದ್ದೆ. ಆಮೇಲೆ ನೋಡಿದರೆ ಆ ಇಂಡಿಯನ್ ನಾವಲ್ಲ. ಅಮೆರಿಕದ ಮೂಲನಿವಾಸಿಗಳನ್ನು ಅವರು ಕರೆಯುತ್ತಿದ್ದ ಹೆಸರು. ಕೊಲಂಬಸ್ ದಾರಿ ತಪ್ಪಿದ ಫಲ ಎಷ್ಟು ದೂರ ಬಂದಿದೆ ನೋಡಿ! ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ 1901ರಲ್ಲಿ ಶುರುವಾದ ಕಂಪನಿ ಅದು. ಸ್ಕೌಟ್ ಮಾದರಿಯನ್ನು ರೂಪಿಸಿದವನು ಚಾರ್ಲ್ಸ್ ಫ್ರಾಂಕ್ಲಿನ್ ಎಂಬ ಐರ್ಲೆಂಡಿನವನು. ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ನಿಂತ ಎರಡು ಸಿಲಿಂಡರು, ಸುಮಾರು 600 ಸಿ.ಸಿ. ಹೊಸದರಲ್ಲಿ ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 55 ಮೈಲಿ, ಎಂದರೆ 89 ಕಿ.ಮೀ. ಎಂಜಿನ್ ನಂಬರು 50ಆರ್627.

ಆರು ವರ್ಷ ಓಡಿಸಿದ ಮೇಲೆ, 1926ರಲ್ಲಿ, ಮನ್ರೋ ಅದನ್ನು ಬಿಚ್ಚಲು ಕುಳಿತ. ಹಾಗೆ ಕುಳಿತವನು ಹೆಚ್ಚು ಕಡಿಮೆ ಬದುಕಿನುದ್ದಕ್ಕೂ ಏಳಲಿಲ್ಲ. ಹಗಲು ಮೋಟಾರ್ ಸೈಕಲ್ ಮಾರುವ ಕೆಲಸ, ರಾತ್ರಿ ತನ್ನ ಗಾಡಿಯ ಕೆಲಸ. ಎಷ್ಟೋ ದಿನ ಬೆಳಕು ಹರಿಯುವವರೆಗೂ ಕೆಲಸ ಮಾಡಿ ಹಾಗೆಯೇ ಅಂಗಡಿಗೆ ಹೋಗುತ್ತಿದ್ದನಂತೆ. ಕೈಯಲ್ಲಿ ದುಡ್ಡಿಲ್ಲ, ಬೇಕಾದ ಬಿಡಿಭಾಗ ಆ ದೇಶದಲ್ಲಿ ಸಿಗುವುದಿಲ್ಲ. ಬೇಕಾದದ್ದನ್ನು ತಾನೇ ಮಾಡಿಕೊಳ್ಳಬೇಕು. ಮಾಡಿಕೊಂಡದ್ದನ್ನು ಹಾಕಿ ಓಡಿಸಿದರೆ ಅದು ಸಿಡಿಯುತ್ತಿತ್ತು. ಸಿಡಿದದ್ದನ್ನು ಹಲಗೆಯ ಮೇಲಿಟ್ಟು ಮತ್ತೊಂದು ಮಾಡಬೇಕು.

ಎಂಜಿನ್ ಸಿಡಿಯುವುದೆಂದರೆ ಏನು? ನನಗೂ ಗೊತ್ತಿರಲಿಲ್ಲ, ಕೇಳಿ ತಿಳಿದುಕೊಂಡೆ. ಒಂದು ನಿಮಿಷಕ್ಕೆ ಆರು ಸಾವಿರ ಸುತ್ತು ತಿರುಗುವ ಎಂಜಿನ್ ಎಂದರೆ ಸೆಕೆಂಡಿಗೆ ನೂರು ಸುತ್ತು. ಪ್ರತಿ ಸುತ್ತಿನಲ್ಲೂ ಪಿಸ್ಟನ್ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಎಂದರೆ ಒಂದು ಸೆಕೆಂಡಿನಲ್ಲಿ ಇನ್ನೂರು ಸಲ ಅದು ಪೂರ್ತಿ ನಿಂತು, ಹಿಂತಿರುಗಿ ಓಡಬೇಕು. ಒನಕೆ ಹಿಡಿದು ಭತ್ತ ಕುಟ್ಟಿದವರಿಗೆ ಇದು ಅರ್ಥವಾಗುತ್ತದೆ. ಒನಕೆಯನ್ನು ಕೆಳಗೆ ಹಾಕುವುದು ಕಷ್ಟವಲ್ಲ; ಇಳಿಯುತ್ತಿರುವುದನ್ನು ತಡೆದು ಮೇಲಕ್ಕೆತ್ತುವಾಗಲೇ ರಟ್ಟೆ ಬೀಳುವುದು. ಪಿಸ್ಟನ್ನನ್ನು ಹಾಗೆ ಎಳೆದು ಎತ್ತುವ ರಟ್ಟೆಯೇ ಕನೆಕ್ಟಿಂಗ್ ರಾಡ್. ವೇಗ ಎರಡರಷ್ಟಾದರೆ ಅದರ ಮೇಲಿನ ಎಳೆತ ನಾಲ್ಕರಷ್ಟಾಗುತ್ತದೆ. 55 ಮೈಲಿಗೆಂದು ಮಾಡಿದ ರಟ್ಟೆ ಅದರ ಎರಡರಷ್ಟು, ಮೂರರಷ್ಟು ವೇಗಕ್ಕೆ ತಡೆಯುತ್ತದೆಯೇ? ಅದು ತುಂಡಾದರೆ, ಮುರಿದ ತುದಿ ಹುಚ್ಚು ಗೂಳಿಯಂತೆ ಒಳಗೇ ತಿರುಗಿ, ಪಿಸ್ಟನ್ ಪುಡಿ ಮಾಡಿ, ಸಿಲಿಂಡರ್ ಸೀಳಿ, ಕ್ರ್ಯಾಂಕ್ ಕೇಸಿನ ಗೋಡೆಗೆ ತೂತು ಹೊಡೆದು ಹೊರಗೆ ಬರುತ್ತದೆ. ಎಲ್ಲವೂ ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ.

ಇನ್ನೊಂದು ಬಗೆಯ ಕೇಡು ಸೀಜ್ ಆಗುವುದು. ನಾನು ಅಣ್ಣನ ಗಾಡಿಗೆ ಮಾಡಿದ ಉಪಕಾರ ಅದೇ. ಸ್ಟೀಲಿನ ಲೋಟ ಒಂದರೊಳಗೊಂದು ಸಿಕ್ಕಿಕೊಂಡರೆ ನಾವೇನು ಮಾಡುತ್ತೇವೆ? ಒಳಗಿನ ಲೋಟಕ್ಕೆ ತಣ್ಣೀರು ಸುರಿದು, ಹೊರಗಿನದನ್ನು ಬಿಸಿನೀರಿನಲ್ಲಿ ಇಡುತ್ತೇವೆ. ಹೊರಗಿನದು ಹಿಗ್ಗಿ, ಒಳಗಿನದು ಕುಗ್ಗಿ ಬಿಟ್ಟುಕೊಳ್ಳುತ್ತದೆ. ಎಂಜಿನ್ನಿನಲ್ಲಿ ಇದು ಉಲ್ಟಾ. ಒಳಗಿನ ಪಿಸ್ಟನ್ ಅಲ್ಯೂಮಿನಿಯಂ, ಹೊರಗಿನ ಸಿಲಿಂಡರ್ ಬೀಡುಕಬ್ಬಿಣ. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ, ಬೆಂಕಿ ಬೀಳುವುದೂ ಅದರ ತಲೆಯ ಮೇಲೆಯೇ. ನಡುವೆ ಕೂದಲೆಳೆಯಷ್ಟು ಜಾಗ, ಆ ಜಾಗದಲ್ಲಿ ಆಯಿಲ್ಲಿನ ತೆಳು ಪದರ. ಪದರ ಇಲ್ಲದಿದ್ದರೆ ಲೋಟ ಲೋಟಕ್ಕೆ ಕಚ್ಚಿಕೊಳ್ಳುತ್ತದೆ.

ಮನ್ರೋ ಇದನ್ನೆಲ್ಲ ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಹಲಗೆಯ ಮೇಲಿನ ಚೂರುಗಳೇ ಅವನ ಪಠ್ಯಪುಸ್ತಕ. ಮುರಿದ ಜಾಗ ನೋಡಿದರೆ ಅದು ಒಂದೇ ಪೆಟ್ಟಿಗೆ ಮುರಿಯಿತೋ, ಸಣ್ಣ ಬಿರುಕೊಂದು ಬೆಳೆದು ಬೆಳೆದು ಮುರಿಯಿತೋ ಎಂದು ತಿಳಿಯುತ್ತದೆ. ಕರಗಿದ ಜಾಗ ನೋಡಿದರೆ ಬೆಂಕಿ ಎಲ್ಲಿ ಹೆಚ್ಚಾಯಿತು ಎಂದು ತಿಳಿಯುತ್ತದೆ. ನಾವು ಪರೀಕ್ಷೆಯ ಪೇಪರು ತಿದ್ದಿ ಕಟ್ಟಿಟ್ಟುಬಿಡುತ್ತೇವೆ. ಮಗು ಯಾವ ಲೆಕ್ಕದಲ್ಲಿ ಯಾವ ಸಾಲಿಗೆ ಬಂದು ಎಡವಿತು ಎಂದು ಕೂತು ನೋಡುವವರು ಎಷ್ಟು ಮಂದಿ? ನಾನೂ ನೋಡಿದವಳಲ್ಲ ಬಿಡಿ.

ನಾನು ಚಿಕ್ಕವಳಿದ್ದಾಗ ವರ್ಷಕ್ಕೊಮ್ಮೆ ಕಲಾಯಿ ಹಾಕುವವನು ಬೀದಿಗೆ ಬರುತ್ತಿದ್ದ. ಮಣ್ಣಿನಲ್ಲಿ ಗುಂಡಿ ತೋಡಿ, ಇದ್ದಿಲು ತುಂಬಿ, ತಿದಿ ಒತ್ತಿ, ಹಿತ್ತಾಳೆಯ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ ಅರಳೆಯಿಂದ ಒಂದು ಸುತ್ತು ತಿರುಗಿಸಿದರೆ ಕಪ್ಪು ಪಾತ್ರೆಯ ಒಳಗೆ ಬೆಳ್ಳಿಯ ಬೆಳಕು ಬರುತ್ತಿತ್ತು. ಲೋಹ ಗಟ್ಟಿಯಾದದ್ದಲ್ಲ, ಕಾದರೆ ಹಾಲಿನ ಹಾಗೆ ಹರಿಯುತ್ತದೆ ಎಂದು ನಾನು ಕಂಡದ್ದು ಅಲ್ಲಿ. ಮನ್ರೋನ ಗ್ಯಾರೇಜಿನ ಬಗ್ಗೆ ಓದುವಾಗ ಆ ನವಸಾಗರದ ಹೊಗೆಯ ವಾಸನೆ ಮೂಗಿಗೆ ಬಂದ ಹಾಗಾಯಿತು. ಆತ ಹಳೆಯ ಪಿಸ್ಟನ್ನುಗಳನ್ನೇ ಕರಗಿಸಿ, ಹಳೆಯ ಡಬ್ಬಿಗಳನ್ನು ಅಚ್ಚು ಮಾಡಿಕೊಂಡು ಹೊಸ ಪಿಸ್ಟನ್ ಎರಕ ಹೊಯ್ಯುತ್ತಿದ್ದ. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಶಾಖ ಬೇಕು. ಕರಗಿಸುವುದೇನೋ ಆದೀತು, ಎರಕ ಕೂಡಿಬರುವುದು ಕಷ್ಟ. ಆರುವಾಗ ಕುಗ್ಗುತ್ತದೆ, ಒಳಗೆ ಗಾಳಿ ಸೇರಿದರೆ ಸರಿಯಾಗಿ ಹುದುಗದ ಇಡ್ಲಿಯಂತೆ ಅಲ್ಲಲ್ಲಿ ತೂತು. ಇಡ್ಲಿಯ ತೂತು ತಿನ್ನುವವರಿಗೆ ಮಾತ್ರ ಗೊತ್ತಾಗುತ್ತದೆ. ಪಿಸ್ಟನ್ನಿನ ತೂತು ನೂರೈವತ್ತು ಮೈಲಿ ವೇಗದಲ್ಲಿ ಗೊತ್ತಾಗುತ್ತದೆ.

ಸಿಲಿಂಡರಿಗೆ ಆತ ಹುಡುಕಿಕೊಂಡದ್ದು ಊರಿನ ಗ್ಯಾಸ್ ಕಂಪನಿಯ ಹಳೆಯ ಬೀಡುಕಬ್ಬಿಣದ ಕೊಳವೆ. ನೆಲದಡಿ ಗ್ಯಾಸ್ ಸಾಗಿಸಿ ಮುದಿಯಾದ ಕೊಳವೆ. ಕನೆಕ್ಟಿಂಗ್ ರಾಡಿಗೆ ಕ್ಯಾಟರ್‌ಪಿಲ್ಲರ್ ಟ್ರ್ಯಾಕ್ಟರಿನ ಅಚ್ಚು. ಮಣಭಾರದ ಟ್ರ್ಯಾಕ್ಟರನ್ನು ಹೊತ್ತ ಉಕ್ಕು ಮೆತ್ತಗಿರಲು ಸಾಧ್ಯವಿಲ್ಲವಲ್ಲ. ಅದನ್ನು ಕಡಿದು, ಅರ ಹಾಕಿ, ಕೈಯಲ್ಲೇ ಉಜ್ಜಿ ಉಜ್ಜಿ ರಾಡಿನ ಆಕಾರಕ್ಕೆ ತಂದ. ಅಳತೆ ನೋಡಲು ಮೈಕ್ರೋಮೀಟರಿನ ಬದಲು ಚಕ್ರದ ಹಳೆಯ ಕಡ್ಡಿ! ನಮ್ಮ ಅಜ್ಜಿಯರು ಉಪ್ಪನ್ನು ಚಮಚದಲ್ಲಿ ಅಳೆದರೇ? ಕೈ ಅಳತೆ ಎಂಬುದು ನಮಗೆ ಗೊತ್ತಿದೆ. ಆದರೆ ಅಜ್ಜಿಯ ಸಾರಿಗೆ ಉಪ್ಪು ಹೆಚ್ಚಾದರೆ ಯಾರ ಮೂಳೆಯೂ ಮುರಿಯುತ್ತಿರಲಿಲ್ಲ.

ಕೆಟ್ಟದ್ದನ್ನು ಮೊದಲಿದ್ದ ಹಾಗೆ ಮಾಡಿಟ್ಟರೆ ಅದು ರಿಪೇರಿ. ಈತ ಪ್ರತಿ ಸಲವೂ ಕೆಟ್ಟದ್ದನ್ನು ಮೊದಲಿಗಿಂತ ಬೇರೆಯಾಗಿ ಕಟ್ಟಿದ. ಸ್ಕೌಟಿನ ವಾಲ್ವುಗಳು ಮೂಲದಲ್ಲಿ ಸಿಲಿಂಡರಿನ ಪಕ್ಕದಲ್ಲಿದ್ದವು. ಅಡುಗೆಮನೆಯ ಹೊಗೆ ಪಕ್ಕದ ಕಿಟಕಿಯಿಂದ ತಡಕಾಡುತ್ತ ಹೋಗುವ ಹಾಗೆ. ಆತ ಅವುಗಳನ್ನು ಒಲೆಯ ಮೇಲಿನ ಹೊಗೆಗೂಡಿನ ಹಾಗೆ ನೆತ್ತಿಯ ಮೇಲಕ್ಕೆ ತಂದ. ಅವುಗಳನ್ನು ಎತ್ತಿ ಇಳಿಸಲು ನಾಲ್ಕು ಕ್ಯಾಮುಗಳನ್ನು ತಾನೇ ಮಾಡಿದ. ಫ್ಲೈವೀಲ್ ತಾನೇ ಮಾಡಿದ. ಶಕ್ತಿ ಹೆಚ್ಚಾಗಿ ಕ್ಲಚ್ ಜಾರತೊಡಗಿದಾಗ ಹದಿನೇಳು ತಟ್ಟೆಗಳ ಕ್ಲಚ್ ಕಟ್ಟಿದ. 600 ಸಿ.ಸಿ. ಬೆಳೆದು ಬೆಳೆದು ಕಡೆಗೆ 950 ಸಿ.ಸಿ. ಆಯಿತು. ಅಷ್ಟರಲ್ಲಿ ಗಾಡಿ ತಯಾರಿಸಿದ ಕಂಪನಿಯೇ 1953ರಲ್ಲಿ ತಯಾರಿಕೆ ನಿಲ್ಲಿಸಿತ್ತು. ತವರುಮನೆ ಮುಚ್ಚಿಹೋದರೂ ಮಗಳ ಸಂಸಾರ ನಡೆದ ಹಾಗೆ, ಇನ್ವರ್ಕಾರ್ಗಿಲ್ಲಿನ ಆ ಗ್ಯಾರೇಜಿನಲ್ಲಿ ಸ್ಕೌಟ್ ಬೆಳೆಯುತ್ತಲೇ ಇತ್ತು.

ಸಂಸಾರ ಎಂದೆ. ಅಲ್ಲಿಗೆ ಬಂದಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ. 2005ರಲ್ಲಿ ಈತನ ಮೇಲೆ ಒಂದು ಚಲನಚಿತ್ರ ಬಂತು, ಆಂಥೊನಿ ಹಾಪ್ಕಿನ್ಸ್ ನಟಿಸಿದ್ದು. ನನ್ನ ಮಗ ತೋರಿಸಿದ್ದು ಅದನ್ನೇ. ನೋಡಿ ಕಣ್ಣೀರು ಬಂತು, ಅದನ್ನು ಮುಚ್ಚಿಡುವುದಿಲ್ಲ. ಚಿತ್ರ ಶುರುವಾಗುವಾಗಲೇ ಆತ ಗ್ಯಾರೇಜಿನಲ್ಲಿ ಒಬ್ಬಂಟಿಯಾಗಿರುವ ಮುದುಕ. ಒಬ್ಬಂಟಿಯಾದದ್ದು ಹೇಗೆ? 1925ರಲ್ಲಿ ಆತ ಫ್ಲಾರೆನ್ಸ್ ಬೆರಿಲ್ ಮಾರ್ಟಿನ್ ಎಂಬಾಕೆಯನ್ನು ಮದುವೆಯಾಗಿದ್ದ. ನಾಲ್ಕು ಮಕ್ಕಳು. ಎಂಜಿನ್ ಬಿಚ್ಚಲು ಕುಳಿತದ್ದು ಮದುವೆಯಾದ ಮರುವರ್ಷವೇ ಎಂಬುದನ್ನು ಗಮನಿಸಿ. 1947ರಲ್ಲಿ ವಿಚ್ಛೇದನವಾಯಿತು. ಇಪ್ಪತ್ತೆರಡು ವರ್ಷ. ಬೆಳಗಿನವರೆಗೂ ಅರ ಉಜ್ಜುವ ಸದ್ದು ಕೇಳುತ್ತ, ನಾಲ್ಕು ಮಕ್ಕಳನ್ನು ಮಲಗಿಸುತ್ತ ಆ ಹೆಂಗಸು ಕಳೆದ ರಾತ್ರಿಗಳಿಗೆ ಯಾವ ಹಲಗೆಯೂ ಇಲ್ಲ. ಗಂಡಸರ ಹಟವನ್ನು ಸಾಧನೆ ಎಂದು ಬರೆಯುವ ಇತಿಹಾಸ, ಹೆಂಗಸರ ಹಟವನ್ನು ಮೊಂಡುತನ ಎಂದು ಬರೆಯುತ್ತದೆ. ವೇಗದ ದೇವರಿಗೆ ಇಟ್ಟ ನೈವೇದ್ಯದಲ್ಲಿ ಪಿಸ್ಟನ್ನುಗಳು ಮಾತ್ರ ಇರಲಿಲ್ಲ ಎಂದು ನನಗೆ ತೋರುತ್ತದೆ. ಹೀಗೆ ಹೇಳಿದ್ದಕ್ಕೆ ನನ್ನ ಮಗ, "ನೀನು ಎಲ್ಲದರಲ್ಲೂ ತಪ್ಪು ಹುಡುಕ್ತೀಯಮ್ಮ" ಎಂದ. ಇರಲಿ.

ಹೆಂಗಸರಿಗೆ ಎಂಜಿನ್ನಿನ ಗೊಡವೆ ಏಕೆ ಎನ್ನುವವರಿಗೆ ಇನ್ನೊಬ್ಬಳ ಹೆಸರು ಹೇಳಿ ಮುಂದೆ ಹೋಗುತ್ತೇನೆ. ಇಂಗ್ಲೆಂಡಿನ ಬಿಯಾಟ್ರಿಸ್ ಶಿಲ್ಲಿಂಗ್. 1909ರಲ್ಲಿ ಹುಟ್ಟಿದವಳು. ಹದಿನಾಲ್ಕನೆಯ ವಯಸ್ಸಿಗೇ ಮೋಟಾರ್ ಸೈಕಲ್ ಕೊಂಡು, ಅದರ ಎಂಜಿನ್ ಬಿಚ್ಚಿ ತಿರುಗಿ ಜೋಡಿಸಿದಳು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಿ, 1934ರಲ್ಲಿ ಬ್ರೂಕ್‌ಲ್ಯಾಂಡ್ಸ್ ಓಟದ ಮೈದಾನದಲ್ಲಿ ತಾನೇ ಸಜ್ಜು ಮಾಡಿದ ನಾರ್ಟನ್ ಗಾಡಿಯನ್ನು ಗಂಟೆಗೆ 106 ಮೈಲಿ ವೇಗದಲ್ಲಿ ಓಡಿಸಿ ಚಿನ್ನದ ನಕ್ಷತ್ರದ ಬಿಲ್ಲೆ ಪಡೆದಳು. ನೂರು ಮೈಲಿ ದಾಟಿದವರಿಗೆ ಕೊಡುತ್ತಿದ್ದ ಆ ಬಿಲ್ಲೆ ಪಡೆದ ಹೆಂಗಸರು ಮೂವರೇ: ಈಕೆ, ಫ್ಲಾರೆನ್ಸ್ ಬ್ಲೆಂಕಿರನ್, ತೆರೇಸಾ ವಾಲಕ್. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಿಮಾನಗಳ ಮರ್ಲಿನ್ ಎಂಜಿನ್ನಿಗೆ ಒಂದು ಕಾಯಿಲೆಯಿತ್ತು. ವಿಮಾನ ಮೂತಿ ತಗ್ಗಿಸಿ ಥಟ್ಟನೆ ಕೆಳಗೆ ಧುಮುಕಿದರೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಏರುಪೇರಾಗಿ ಎಂಜಿನ್ ಮುಗ್ಗರಿಸುತ್ತಿತ್ತು. ಬೆನ್ನ ಹಿಂದೆ ಶತ್ರು ಇರುವಾಗ! ಶಿಲ್ಲಿಂಗ್ 1941ರಲ್ಲಿ ಅದಕ್ಕೆ ಮಾಡಿದ ಮದ್ದು ನಡುವೆ ತೂತಿದ್ದ ಒಂದು ಪುಟ್ಟ ಲೋಹದ ತುಣುಕು. ಅಷ್ಟೇ. ಪೆಟ್ರೋಲ್ ಎಷ್ಟು ಬೇಕೋ ಅಷ್ಟೇ ಹರಿಯುವಂತೆ ಅದು ತಡೆಯಿತು. ಎಂಜಿನ್ನನ್ನು ವಿಮಾನದಿಂದ ಇಳಿಸದೆಯೇ ಅದನ್ನು ಹಾಕಬಹುದಿತ್ತು. ಆಕೆ ಬೈಕಿನ ಮೇಲೆ ವಿಮಾನ ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗಿ ಅದನ್ನು ಹಾಕಿಸಿದಳು. ನಮ್ಮ ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಈ ಕಥೆ ಹೇಳಿದ ದಿನ ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಮನ್ರೋ ತನ್ನ ದೇಶದಲ್ಲಿ 1938ರಿಂದಲೇ ದಾಖಲೆ ಮಾಡುತ್ತ ಬಂದಿದ್ದ. ಆದರೆ ವೇಗದವರ ಕಾಶಿ ಎಂದರೆ ಅಮೆರಿಕದ ಯೂಟಾ ರಾಜ್ಯದ ಬಾನವಿಲ್ ಉಪ್ಪಿನ ಬಯಲು. ಒಣಗಿದ ಪುರಾತನ ಸರೋವರದ ತಳ. ಕಣ್ಣು ಹಾಯುವಷ್ಟು ದೂರ ಬಿಳಿ ಉಪ್ಪು, ಅಡ್ಡಕ್ಕೆ ಒಂದು ಕಲ್ಲೂ ಇಲ್ಲ. 1962ರಲ್ಲಿ, ಅರವತ್ತಮೂರನೆಯ ವಯಸ್ಸಿನಲ್ಲಿ, ಆತ ಗಾಡಿಯನ್ನು ಅಲ್ಲಿಗೆ ಒಯ್ದ. ನಮ್ಮಲ್ಲಿ ಆ ವಯಸ್ಸಿಗೆ ಪೆನ್ಷನ್ ಬಂದು, ಸಂಜೆ ಪಾರ್ಕಿನ ಬೆಂಚಿನಲ್ಲಿ ಸೊಂಟನೋವಿನ ಮಾತು ಶುರುವಾಗಿರುತ್ತದೆ. ನಲವತ್ತೆರಡು ವರ್ಷ ಹಳೆಯ, ಡಬ್ಬಿಯಲ್ಲಿ ಎರೆದ ಪಿಸ್ಟನ್ನಿನ ಗಾಡಿ 883 ಸಿ.ಸಿ. ವರ್ಗದಲ್ಲಿ ಗಂಟೆಗೆ 288 ಕಿ.ಮೀ. ಓಡಿ ವಿಶ್ವದಾಖಲೆ ಮಾಡಿತು. 1966ರಲ್ಲಿ ಮತ್ತೊಂದು ದಾಖಲೆ. 1967ರಲ್ಲಿ, ಅರವತ್ತೆಂಟರಲ್ಲಿ, 1000 ಸಿ.ಸಿ.ಯೊಳಗಿನ ವರ್ಗದಲ್ಲಿ ಗಂಟೆಗೆ 183.59 ಮೈಲಿ, ಸುಮಾರು 295 ಕಿ.ಮೀ.

ಆ ಕಡೆಯ ಅಂಕಿಗೆ ಒಂದು ಬಾಲಂಗೋಚಿಯಿದೆ. ಹೋಗುವ ಓಟ, ಬರುವ ಓಟ ಎರಡನ್ನೂ ಲೆಕ್ಕ ಹಾಕಿ ಸರಾಸರಿ ತೆಗೆಯುವುದು ಅಲ್ಲಿಯ ಪದ್ಧತಿ. ಅದರಲ್ಲಿ ಲೆಕ್ಕ ತಪ್ಪಾಗಿದೆ ಎಂಬುದನ್ನು ಬಹಳ ವರ್ಷಗಳ ಮೇಲೆ ಪತ್ತೆ ಮಾಡಿದವನು ಅವನ ಮಗ ಜಾನ್. 2014ರಲ್ಲಿ ಅಮೆರಿಕದ ಮೋಟಾರ್ ಸೈಕಲ್ ಸಂಘ ಅದನ್ನು ಒಪ್ಪಿ, ದಾಖಲೆಯನ್ನು 184.087 ಮೈಲಿ ಎಂದು ತಿದ್ದಿತು. ಅಪ್ಪ ತೀರಿಕೊಂಡದ್ದು 1978ರ ಜನವರಿ 6ರಂದು. ಮೂವತ್ತಾರು ವರ್ಷದ ನಂತರ ಮಗ ಅರ್ಧ ಮೈಲಿಯಷ್ಟು ವೇಗವನ್ನು ಅಪ್ಪನ ಖಾತೆಗೆ ಜಮಾ ಮಾಡಿಸಿದ. ರಾತ್ರಿಯೆಲ್ಲ ಗ್ಯಾರೇಜಿನಲ್ಲಿರುತ್ತಿದ್ದ ಅಪ್ಪನ ಮಗ. ಫ್ಲಾರೆನ್ಸಳ ಬಗ್ಗೆ ಅಷ್ಟೆಲ್ಲ ಮಾತಾಡಿದ ನಾನು ಇದನ್ನು ಓದಿದ ದಿನ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಕೊನೆಗಾಲದಲ್ಲಿ ಪಾರ್ಶ್ವವಾಯು ತಗುಲಿ ಕೈಕಾಲಿನ ಹತೋಟಿ ತಪ್ಪಿದಾಗ, ಗಾಡಿಗಳು ತನ್ನ ಸೀಮೆಯಲ್ಲೇ ಉಳಿಯಬೇಕೆಂದು ಮನ್ರೋ ಅವುಗಳನ್ನು ಊರಿನ ಹೇಯ್ಸ್ ಎಂಬ ವ್ಯಾಪಾರಿಗೇ ಮಾರಿದ. ಆ ಸ್ಕೌಟ್ ಇಂದಿಗೂ ಇನ್ವರ್ಕಾರ್ಗಿಲ್ಲಿನ ಅವರ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ, ಸುತ್ತಿಗೆ, ಬಕೆಟ್ಟುಗಳ ನಡುವೆ ನಿಂತಿದೆ. ಬಲ್ಬು ಕೊಳ್ಳಲು ಹೋದವರು ಹಾಗೆಯೇ ನೋಡಿಕೊಂಡು ಬರಬಹುದು. ಎಷ್ಟೊಂದು ಭಾಗಗಳನ್ನು ಬದಲಿಸಿದ ಮೇಲೆ ಅದು 1920ರಲ್ಲಿ ಕೊಂಡ ಗಾಡಿಯೇ ಹೌದೇ ಎಂದು ಕೇಳುವವರಿದ್ದಾರೆ. ನನ್ನ ಅತ್ತೆಯ ಕಾಲದ ರುಬ್ಬುವ ಕಲ್ಲಿಗೆ ಮೂರು ಸಲ ಗುಂಡು ಬದಲಾಗಿದೆ. ಅದನ್ನು ಯಾರೂ ಬೇರೆ ಕಲ್ಲು ಎಂದದ್ದಿಲ್ಲ.

ಅಣ್ಣನ ಜಾವಾ ಏನಾಯಿತು ಎಂದು ಹೇಳಬೇಕು. ಅದನ್ನು ಗಾಡಿಯ ಮೇಲೆ ಹೇರಿಕೊಂಡು ಬಸ್ ಸ್ಟ್ಯಾಂಡಿನ ಹಿಂದಿದ್ದ ಲೇತ್ ಸಾಹೇಬರ ಷೆಡ್ಡಿಗೆ ತಂದರು. ಹೆಡ್ ಬಿಚ್ಚಿ, ಒಳಗೆ ಡೀಸೆಲ್ ಸುರಿದು ಒಂದು ರಾತ್ರಿ ನೆನೆಯಲು ಬಿಟ್ಟರು. ಮರುದಿನ ಮರದ ತುಂಡು ಇಟ್ಟು ಮೆತ್ತಗೆ ತಟ್ಟಿ ತಟ್ಟಿ ಪಿಸ್ಟನ್ ಬಿಡಿಸಿದರು. ಒಂದು ಮಗ್ಗುಲು ಬೆಕ್ಕು ಪರಚಿದ ಹಾಗೆ ಗೀರು ಗೀರು, ರಿಂಗುಗಳು ಕಚ್ಚಿಹೋಗಿದ್ದವು. ಸಿಲಿಂಡರಿನ ಗೋಡೆಗೆ ಅಲ್ಯೂಮಿನಿಯಂ ಮೆತ್ತಿಕೊಂಡಿತ್ತು. ಬೋರ್ ಮಾಡಿಸಿ ದೊಡ್ಡ ಸೈಜಿನ ಪಿಸ್ಟನ್ ಹಾಕಬೇಕು ಎಂದರು ಸಾಹೇಬರು. ಅಪ್ಪ ಒಂದು ಪೈಸೆ ಕೊಡುವುದಿಲ್ಲ ಎಂದರು. ಅಮ್ಮ ಚೀಟಿಯನ್ನು ನಷ್ಟಕ್ಕೇ ಎತ್ತಿ ದುಡ್ಡು ತಂದಳು. ನಾನು ಅದನ್ನೂ ನೋಡಿಕೊಂಡು ಕುಳಿತಿದ್ದೆ. ಗಾಡಿ ಮತ್ತೆ ಹನ್ನೆರಡು ವರ್ಷ ಓಡಿತು.

ಹಳೆಯ ಪಿಸ್ಟನ್ನನ್ನು ಅಮ್ಮ ಗುಜರಿಗೆ ಹಾಕಲಿಲ್ಲ. ತಾರಸಿಯ ಮೇಲೆ ಸಂಡಿಗೆಯ ಪಂಚೆ ಗಾಳಿಗೆ ಹಾರದಂತೆ ಅದನ್ನು ಒಂದು ಮೂಲೆಗೆ ಇಡುತ್ತಿದ್ದಳು. ಪ್ರತಿ ಬೇಸಿಗೆಯಲ್ಲೂ ಆ ಗೀರುಗಳು ನನ್ನ ಕಡೆಗೇ ತಿರುಗಿ ಕೂತಿರುತ್ತಿದ್ದವು. ಅಮ್ಮ ಹೋದ ಮೇಲೆ ಅವಳ ಸೀರೆ ಬೇಡ ಎಂದು ಪಿಸ್ಟನ್ ತಂದುಕೊಂಡೆ. ಅತ್ತಿಗೆ ನನ್ನನ್ನು ವಿಚಿತ್ರವಾಗಿ ನೋಡಿದರು.

ಹೋದ ಬೇಸಿಗೆಯಲ್ಲಿ ಅಣ್ಣ ಬಂದಿದ್ದ. ಅರವತ್ತು ದಾಟಿದೆ, ಮಳೆಗಾಲದಲ್ಲಿ ಎಡ ಮಣಿಕಟ್ಟು ನೋಯುತ್ತದೆ. ಊಟವಾದ ಮೇಲೆ ನಾನು ಮನ್ರೋನ ಕಥೆ ಹೇಳಿದೆ. ಹಲಗೆಯ ವಿಷಯವನ್ನೂ ಹೇಳಿದೆ. ಹೇಳುತ್ತ ಹೇಳುತ್ತ ಒಳಗೆ ಹೋಗಿ ಪಿಸ್ಟನ್ ತಂದು ಅವನ ಮುಂದಿಟ್ಟೆ. "ಅಣ್ಣ, ಆವತ್ತು ನಾನು ಆಯಿಲ್ ಹಾಕಿರಲಿಲ್ಲ."

ಅವನು ಅದನ್ನು ಎತ್ತಿಕೊಂಡು, ಕನ್ನಡಕ ಹಣೆಗೇರಿಸಿ, ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದ. "ಆಯಿಲ್ ಇಲ್ಲದ್ದೇ ಕಾರಣ ಅಂತ ಸಾಹೇಬರು ಆವತ್ತೇ ಹೇಳಿದ್ರು ಕಣೆ. ಪೆಟ್ರೋಲ್ ಹಾಕು ಅಂದೆ, ಆಯಿಲ್ ಹಾಕು ಅನ್ನೋದು ಮರೆತೆ ಅಂತ ನಾನೇ ಬಾಯಿ ಮುಚ್ಕೊಂಡಿದ್ದೆ. ಅಪ್ಪ ಬಂಕಿನವನನ್ನ ಬೈತಿದ್ರು, ಬೈಕೊಳ್ಲಿ ಅಂತ."

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಪಾಪ, ಆ ಬಂಕಿನ ಹುಡುಗನಿಗೆ ಅಪ್ಪ ಹೋಗಿ ಬಂದಾಗಲೆಲ್ಲ ಬೈದಿದ್ದರು. ಅವನು ಈಗ ಎಲ್ಲಿದ್ದಾನೋ. ಅಣ್ಣ ಪಿಸ್ಟನ್ನನ್ನು ಕೈಯಲ್ಲೇ ಹಿಡಿದುಕೊಂಡು ತಾರಸಿಗೆ ಹೋದ. ಮೇಲೆ ನಾನು ಬೆಳಿಗ್ಗೆ ಹಾಕಿದ ಅರಳು ಸಂಡಿಗೆ ಒಣಗುತ್ತಿತ್ತು, ಪಂಚೆಯ ಒಂದು ಮೂಲೆ ಗಾಳಿಗೆ ಎದ್ದಿತ್ತು.